ನ್ಯೂಜಿಲೆಂಡಿನಲ್ಲಿ ‘ಬ್ರಿಂಗ್ ಎ ಪ್ಲೇಟ್’ ಅಂದರೆ

ನ್ಯೂಜಿಲೆಂಡಿನ ನಿರಾಳ ರೀತಿ ಹೊಸಬರಿಗೆ ಬೇಗ ಹಿಡಿಸುತ್ತದೆ. ಪ್ರೊಫೆಸರ್, ಬಾಸ್ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬಹುದು. ‘ಸರ್’ ಅಂದರೆ ಅವರಿಗೇ ಮುಜುಗರ. ಬರಿಗಾಲಲ್ಲಿ ಸೂಪರ್‌ಮಾರ್ಕೆಟ್ಟಿಗೆ ಹೋದರೂ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಇಲ್ಲಿ ಬೇಸಿಗೆಯಾದ ಜನವರಿಯ ಮಧ್ಯಾಹ್ನ ಪಾರ್ಕಿಂಗ್ ಜಾಗದ ಡಾಂಬರು ಕಾದ ಕಾವಲಿಯಂತಿರುತ್ತದೆ, ಕಾರಿನಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಇರಲಿ. ಅದಕ್ಕೆ ಇಲ್ಲಿ ‘ಜಾಂಡಲ್ಸ್’ ಅನ್ನುತ್ತಾರೆ.

ಹೊಸಬರು ಎಡವುವುದು ಊಟದ ಕರೆಯಲ್ಲಿ. ‘ಬ್ರಿಂಗ್ ಎ ಪ್ಲೇಟ್’ ಅಂದರೆ ಖಾಲಿ ತಟ್ಟೆಯಲ್ಲ, ಎಲ್ಲರೂ ಹಂಚಿಕೊಂಡು ತಿನ್ನುವ ಒಂದು ತಿನಿಸು. ಬಂದವರಿಗೆಲ್ಲ ಹೊಟ್ಟೆ ತುಂಬುವಷ್ಟು ಮಾಡಬೇಕಿಲ್ಲ. ಬೇರೆ ತಿನಿಸುಗಳೂ ಇರುವುದರಿಂದ ಎರಡು ಲೋಟ ಅಕ್ಕಿಯ ಚಿತ್ರಾನ್ನ 8–10 ಜನಕ್ಕೆ ಧಾರಾಳವಾಯಿತು. ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿ ಮುಚ್ಚಿದರೆ ಹಬೆ ನೀರಾಗಿ ಅನ್ನ ಮುದ್ದೆಯಾಗುತ್ತದೆ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ನಿಂಬೆರಸ ಕೊನೆಗೆ ಹಿಂಡಿ. ಕಡಲೆಬೀಜವನ್ನು ಒಗ್ಗರಣೆಗೆ ಹಾಕಲೇಬೇಡಿ. ಅಲರ್ಜಿ ಇರುವವರಿಗೆ ಒಂದು ಕಾಳೂ ಅಪಾಯ, ಆರಿಸಿ ತೆಗೆದರೂ ಎಣ್ಣೆಯಲ್ಲಿ ಅಂಶ ಉಳಿದಿರುತ್ತದೆ. ಬಡಿಸುವ ಸೌಟು ಮರೆಯಬೇಡಿ. ಡಬ್ಬಿಯ ಮೇಲೆ ನಿಮ್ಮ ಹೆಸರು ಬರೆಯಿರಿ, ಇಲ್ಲವಾದರೆ ಅದು ಇನ್ನೊಬ್ಬರ ಮನೆ ಸೇರುತ್ತದೆ. ‘ಬಿವೈಒ’ (ಬ್ರಿಂಗ್ ಯುವರ್ ಓನ್) ಅಂದಿದ್ದರೆ ಕುಡಿಯುವುದನ್ನೂ ನೀವೇ ಒಯ್ಯಬೇಕು. ಜ್ಯೂಸ್ ಆದರೂ ಸರಿ.

ಎಷ್ಟೇ ಸಲಿಗೆಯಿದ್ದರೂ ಊಟದ ಮೇಜಿನ ಮೇಲೆ ಮಾತ್ರ ಕೂರಬೇಡಿ. ಅನ್ನ ಇಡುವ ಜಾಗಕ್ಕೆ ಮೈ ತಾಗಬಾರದು ಎಂಬುದು ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಸಂಪ್ರದಾಯ. ಎಂಜಲು–ಮುಸುರೆ ಅರಿತ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.