ಅರ್ಧ ಕೆಂಪು ಇಲ್ಲದ ಸೆರಗು

ಡಿಜಿಟಲ್ ಚಿತ್ರ ಕಲಿಯಲು ಕೂತವರನ್ನು ಮೊದಲು ಕಾಡುವುದು ಬಣ್ಣ ಅಲ್ಲ, ಬ್ರಷ್ಷೂ ಅಲ್ಲ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವುದು. ಪೆನ್ ಟ್ಯಾಬ್ಲೆಟ್ ಮೇಜಿನ ಮೇಲಿರುತ್ತದೆ, ಗೆರೆ ಎದುರಿನ ಪರದೆಯಲ್ಲಿ ಮೂಡುತ್ತದೆ. ಪರದೆಯ ಮೇಲೇ ಬರೆಯುವಂಥ ಟ್ಯಾಬ್ಲೆಟ್ಟೂ ಸಿಗುತ್ತವೆ. ಬೆಲೆ ಕೇಳಿ ಸುಮ್ನಾಗಿದ್ದೇನೆ. ನನ್ನದು ಸೆಕೆಂಡ್ ಹ್ಯಾಂಡ್, ಒಂದು ಮೂಲೆಯಲ್ಲಿ ಗೀರು ಬಿದ್ದದ್ದು. ಪೆನ್ನನ್ನು ಒತ್ತಿದಷ್ಟು ಗೆರೆ ದಪ್ಪ ಆಗುತ್ತದೆ, ಅಷ್ಟು ಸಾಕು.

ಬಾಗಲಕೋಟೆ ನವನಗರದಲ್ಲಿ ಒಂದು ಸಣ್ಣ ಕ್ಲಾಸಿಗೆ ಹೋಗುತ್ತೇನೆ. ಅಲ್ಲಿ ನಾವು ಬಳಸುವುದು ಕ್ರಿತಾ ಎಂಬ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ. ಜೊತೆಗೆ ಕಲಿಯುವವರಲ್ಲಿ ಕೆಲವರಿಗೆ ದಿನಾ ಹೊಸ ಹೊಸ ಬ್ರಷ್ ಡೌನ್‌ಲೋಡ್ ಮಾಡುವ ಹುಚ್ಚು. ಎಣ್ಣೆ ಬಣ್ಣದ ಬ್ರಷ್, ಮೋಡದ ಬ್ರಷ್, ಎಲೆಗಳ ಬ್ರಷ್. ಯಾರೂ ಒಂದು ನೆಟ್ಟಗಿನ ಚಿತ್ರ ಮುಗಿಸಿದ್ದು ಮಾತ್ರ ಕಾಣೆ. ನಮ್ಮ ಸರ್‌ಗೂ ಹಾಗೇ ಅನ್ನಿಸಿರಬೇಕು. ಒಂದು ಶನಿವಾರ ಮನೆಗೆಲಸ ಕೊಟ್ಟರು: "ನಿಮ್ಮ ಕಡೆಯದು ಏನಾದರೂ ಒಂದು. ಎರಡೇ ಬಣ್ಣ. 64 ಬೈ 64 ಪಿಕ್ಸೆಲ್. ಅಷ್ಟರಲ್ಲೇ ಗುರುತು ಸಿಗಬೇಕು." ಪಿಕ್ಸೆಲ್ ಎಂದರೆ ಪರದೆಯ ಒಂದು ಪುಟ್ಟ ಚೌಕ.

1984ರಲ್ಲಿ ಬಂದ ಮ್ಯಾಕಿಂಟಾಷ್ ಕಂಪ್ಯೂಟರಿನ ಪುಟ್ಟ ಚಿತ್ರಗಳ ಕಥೆಯನ್ನೂ ಸರ್ ಹೇಳಿದ್ದರು. ಸೂಸನ್ ಕೇರ್ ಎಂಬಾಕೆ ಅವನ್ನು ಗ್ರಾಫ್ ಹಾಳೆಯ ಮೇಲೆ ಮನೆ ತುಂಬಿ ತುಂಬಿ ಬರೆದಳಂತೆ. 32 ಬೈ 32 ಮನೆ, ಕಪ್ಪು ಅಥವಾ ಬಿಳಿ, ಬೇರೇನೂ ಇಲ್ಲ. ಹಾಗಿದ್ದಾಗ 64 ಎಂದರೆ ಶ್ರೀಮಂತಿಕೆ ಅಲ್ವಾ.

ಗೆಳತಿಯೊಬ್ಬಳು ಬಾದಾಮಿಯ ಮೇಣಬಸದಿ, ಅಂದರೆ ಅಲ್ಲಿನ ಗುಹೆಯ ಗುಡಿ, ಆರಿಸಿಕೊಂಡಳು. ಇನ್ನೊಬ್ಬ ಗುಳೇದಗುಡ್ಡದ ಖಣ ಎಂದ, ಅದು ಕುಪ್ಪಸದ ಬಟ್ಟೆ. ನನ್ನ ಅವ್ವನ ತವರು ಇಳಕಲ್. ನಾನು ಸೆರಗು ಎಂದೆ.

ಮರುದಿನ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಕರದಂಟು ಕೊಳ್ಳದೆ ಮುಂದೆ ಹೋದರೆ ಮಾಮಾನ ಮನೆಯಲ್ಲಿ ಮರ್ಯಾದೆ ಇರುವುದಿಲ್ಲ. ಅದೂ ಆಯಿತು.

ಮಾಮಾನದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಓಣಿಯಲ್ಲಿ ಈಗ ಪವರ್‌ಲೂಮ್ ಸದ್ದೇ ಜಾಸ್ತಿ. ನಾನು ಹೋದಾಗ ಒಡಲು ಮುಗಿದು ಸೆರಗಿನ ಕೆಲಸ ನಡೆದಿತ್ತು. ಅದು ನನ್ನ ಅದೃಷ್ಟ. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡಿದ ಎಳೆಗಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅದಕ್ಕೇ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ತಯಾರಿಸಬೇಕು. ಸೆರಗಿನಲ್ಲಿ ಮೂರು ಪಟ್ಟಿ ಕೆಂಪು, ನಡುವೆ ಎರಡು ಪಟ್ಟಿ ಬಿಳಿ. ಕೆಂಪು ಬಿಳಿಗೆ ಸೇರುವ ಕಡೆ ಸಾಲು ಸಾಲು ಗೋಪುರ. ಅದೇ ಟೋಪ್ ತೆನಿ. ಕೆಲವರು ಅದರಲ್ಲಿ ಜೋಳದ ತೆನೆ ನೋಡುತ್ತಾರೆ, ಕೆಲವರು ಗುಡಿಯ ಶಿಖರ ನೋಡುತ್ತಾರೆ. ಅಲ್ಲಿ ಕೆಂಪು ನೂಲು ಬಿಳಿ ನೂಲಿಗೆ ಸಿಕ್ಕಿಕೊಂಡು ಹಿಂದಿರುಗುತ್ತದೆ. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಆಚೆ ಬದಿ ಅತ್ತೆ ಕೂತಿದ್ದರು. ಇಬ್ಬರೂ ಮಾತಿಲ್ಲದೆ ಲಾಳಿ ದಾಟಿಸುತ್ತಿದ್ದರು.

ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಬಿಚ್ಚಿದೆ.

"ಏನವಾ, ಫೋಟೋ ತಗದ್ರ ಮುಗೀತಿತ್ತಲ್ಲ. ಬರಿಯೂದ್ಯಾಕ?" ಎಂದರು ಮಾಮಾ.

"ಬರದ್ರ ತಿಳಿತೈತ್ರಿ ಮಾಮಾ."

"ಹೌದಾ? ಬರಿ ಹಂಗಾದ್ರ."

ಒಂದು ಗೋಪುರ ಬರೆದೆ. ಸಣ್ಣದಾಗಿ ನೋಡಿದರೆ ಚೆಂದವೇ ಇತ್ತು. ಊಟಕ್ಕೆ ಏಳುವ ಮುಂಚೆ ಮಾಮಾ ಬಂದು ನೋಡಿದರು. ದೊಡ್ಡದು ಮಾಡು ಎಂದರು. ಜೂಮ್ ಮಾಡಿದೆ. ಕೆಂಪು ಮತ್ತು ಬಿಳಿಯ ನಡುವೆ, ಅಂಚಿನ ಉದ್ದಕ್ಕೂ, ತಿಳಿ ಗುಲಾಬಿಯ ಚೌಕಗಳು ಕೂತಿದ್ದವು.

"ಈ ಬಣ್ಣದ ನೂಲು ನಾವು ತಂದೇ ಇಲ್ಲಲ್ಲ?"

ಅತ್ತೆ ನಕ್ಕರು. ನಾನೂ ನಕ್ಕೆ. ಆದರೆ ಕ್ಲಾಸಿನಲ್ಲಿ ಕೇಳಿ ಬಿಟ್ಟಿದ್ದ ಒಂದು ಪಾಠ ನನಗೆ ಸರಿಯಾಗಿ ಅರ್ಥವಾಗಿದ್ದು ಆ ಮಾತಿನಿಂದ. ಪರದೆ ಎಂದರೆ ಚೌಕಗಳ ರಾಶಿ. ಚೌಕಗಳಲ್ಲಿ ಓರೆ ಗೆರೆ ಎಳೆದರೆ ಮೆಟ್ಟಿಲು ಮೆಟ್ಟಿಲಾಗಿಯೇ ಬರಬೇಕು. ಅದು ಕಣ್ಣಿಗೆ ಚುಚ್ಚದಿರಲಿ ಎಂದು ಸಾಫ್ಟ್‌ವೇರ್ ಅಂಚಿನ ಚೌಕಗಳಿಗೆ ನಡುವಿನ ಬಣ್ಣ ತುಂಬುತ್ತದೆ. ಇದನ್ನು ಆಂಟಿ ಏಲಿಯಾಸಿಂಗ್ ಎನ್ನುತ್ತಾರೆ. ಕಂಪ್ಯೂಟರಿಗೆ ನಡುವಿನ ಬಣ್ಣಕ್ಕೇನು ಬರ? ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತ. ಗುಣಿಸಿದರೆ 1,67,77,216 ಬಣ್ಣ. ಮಾಮಾನ ಸೆರಗಿನಲ್ಲಿ ಇರುವುದು ಎರಡು. ಒಂದು ಜಾಗದಲ್ಲಿ ನೂಲು ಕೆಂಪಾಗಿರಬೇಕು, ಇಲ್ಲವೇ ಬಿಳಿಯಾಗಿರಬೇಕು. ಅರ್ಧ ಕೆಂಪು ಎಂಬುದು ಮಗ್ಗದಲ್ಲಿ ಇಲ್ಲ.

ಹಾಗಾಗಿ ನಯವಾದ ಬ್ರಷ್ ಬಿಟ್ಟು ಪಿಕ್ಸೆಲ್ ಬ್ರಷ್ ಹಿಡಿದೆ. ಒಂದು ಒತ್ತಿಗೆ ಒಂದು ಚೌಕ. ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಬ್ರಷ್ ಎಳೆಯುವಾಗ ಕೈ ಓಡುತ್ತದೆ, ತಲೆ ಹಿಂದೆ ಉಳಿಯುತ್ತದೆ. ಇಲ್ಲಿ ಪ್ರತಿ ಚೌಕಕ್ಕೂ ಯೋಚನೆ ಮಾಡಬೇಕು. ಎರಡು ಚೌಕ ಮೇಲೆ ಹೋದರೆ ಒಂದು ಒಳಗೆ ಬರಬೇಕೋ, ಮೂರಕ್ಕೆ ಒಂದೋ? ಗೋಪುರ ಚೂಪಾಗುವುದು, ಮೊಂಡಾಗುವುದು ಎಲ್ಲ ಅದರ ಮೇಲೆಯೇ. ಮಾಮಾಗೆ ಈ ಲೆಕ್ಕ ಬಾಯಿಪಾಠ. ಅವರು ಹಾಳೆ ನೋಡುವುದೂ ಇಲ್ಲ.

ಇನ್ನೊಂದು ಪೇಚು ಉಳಿದಿತ್ತು. ಕ್ರಿತಾದಲ್ಲಿ ಕನ್ನಡಿ ಟೂಲ್ ಇದೆ. ಎಡಕ್ಕೆ ಬರೆದರೆ ಬಲಕ್ಕೆ ತಾನೇ ಬರುತ್ತದೆ. ಅದನ್ನೇ ಹಾಕಿಕೊಂಡು ಬರೆಯುತ್ತಿದ್ದೆ. ಎರಡೂ ಕಡೆ ಸಮ ಬಂತು, ತುದಿ ಮಾತ್ರ ಬರಲೇ ಇಲ್ಲ. ಎಷ್ಟು ಅಳಿಸಿ ಬರೆದರೂ ನೆತ್ತಿ ಚಪ್ಪಟೆ. ಮಾಮಾ ಪರದೆಯ ಮೇಲೆ ಬೆರಳಿಟ್ಟು ಎಣಿಸಿದರು.

"ತುದಿಗೆ ಎರಡು ಮನಿ ಬಂದಾವಲ್ಲವಾ. ಬೆಸ ಹಿಡಿ. ನಡುವ ಒಂದು ಉಳಿಬೇಕು."

64 ಸಮ ಸಂಖ್ಯೆ. ಅದರ ನಡು ಬೀಳುವುದು 32ನೇ ಮತ್ತು 33ನೇ ಚೌಕಗಳ ಮಧ್ಯದ ಗೆರೆಯ ಮೇಲೆ. ಅಲ್ಲಿ ಚೌಕವೇ ಇಲ್ಲ! ಹಾಳೆಯ ಅಗಲವನ್ನು 65 ಮಾಡಿ, ಕನ್ನಡಿಯ ಗೆರೆಯನ್ನು 33ನೇ ಚೌಕದ ನಡುವಿಗೆ ಇಟ್ಟೆ. ತುದಿ ಬಂತು. ಎಷ್ಟೋ ವಿಡಿಯೋ ನೋಡಿದ್ದೇನೆ, ಎಲ್ಲ ಇಂಗ್ಲಿಷ್, ಹಿಂದಿಯವು. ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನನ್ನ ಕಿವಿಗೆ ಬಿದ್ದಿರುತ್ತಿರಲಿಲ್ಲ ಬಿಡಿ.

ಮಧ್ಯಾಹ್ನ ಮಾಮಾನ ಮಗ ಬಂದ. ಅವನು ಡಿಪ್ಲೊಮಾ ಓದುತ್ತಾನೆ. "ಅಕ್ಕಾ, ಇಷ್ಟ್ಯಾಕ ಒದ್ದಾಡ್ತಿ, ಎಐಗೆ ಹೇಳಿದ್ರ ಬರಕೊಡ್ತದ" ಎಂದು ಫೋನಿನಲ್ಲಿ ಇಳಕಲ್ ಸೀರೆ ಎಂದು ಟೈಪ್ ಮಾಡಿ ತೋರಿಸಿದ. ಚಿತ್ರ ಜೋರಾಗಿಯೇ ಇತ್ತು. ಮಡಿಕೆ, ಹೊಳಪು, ಬೆಳಕು ಎಲ್ಲ ಇತ್ತು. ಆದರೆ ಸೆರಗಿನ ಗೋಪುರಗಳಲ್ಲಿ ಒಂದರಂತೆ ಇನ್ನೊಂದು ಇರಲಿಲ್ಲ. ಒಂದು ಕಡೆ ಎರಡು ಗೋಪುರ ಕರಗಿ ಒಂದಾಗಿದ್ದವು. ಅತ್ತೆ ಕನ್ನಡಕ ಏರಿಸಿ ನೋಡಿ, "ಇದನ್ನ ನೇಯ್ದವರಿಗೆ ಕೂಲಿ ಕೊಡಬ್ಯಾಡ್ರಿ" ಎಂದರು. ಮುಂದೆ ಅದೂ ಸರಿಹೋಗಬಹುದು. ಆದರೆ ಎಲ್ಲಿ ತಪ್ಪಿದೆ ಎಂದು ಅತ್ತೆಗೆ ಅರೆಕ್ಷಣದಲ್ಲಿ ಕಂಡಿತು. ನನಗೆ ಬೇಕಾಗಿರುವುದು ಆ ಕಣ್ಣು.

ಮಗ್ಗದ ಮೇಲುಗಡೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಸರ ನೇತಾಡುತ್ತಿತ್ತು. ಅದು ಜಕಾರ್ಡ್. ದಡಿಯ, ಅಂದರೆ ಸೀರೆಯ ಅಂಚಿನ, ನಮೂನೆ ಅಲ್ಲಿಂದ ಇಳಿಯುತ್ತದೆ. ತೂತು ಇದ್ದರೆ ಎಳೆ ಮೇಲೆ, ಇಲ್ಲದಿದ್ದರೆ ಕೆಳಗೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ್ದು. ತನ್ನ ಲೆಕ್ಕದ ಯಂತ್ರಕ್ಕೆ ಚಾರ್ಲ್ಸ್ ಬ್ಯಾಬೇಜ್ ಈ ತೂತಿನ ಪಟ್ಟಿಯನ್ನೇ ಕಡ ತೆಗೆದುಕೊಂಡಿದ್ದ. ಅಂದರೆ ಕಂಪ್ಯೂಟರಿಗೆ ನೇಕಾರರ ಮನೆಯ ಋಣ ಇದೆ. ಇದನ್ನು ಮಾಮಾಗೆ ಹೇಳಿದೆ. "ಹಂಗಾದ್ರ ಒಂದು ಲ್ಯಾಪ್‌ಟಾಪ್ ನಮಗೂ ಬರಬೇಕಾಗಿತ್ತಲ್ಲ" ಎಂದು ಚಹಾ ಕುಡಿಯಲು ಹೋದರು.

ಹೊರಡುವ ಮುಂಚೆ ಅವರು ಮತ್ತೊಂದು ಮಾತು ಹೇಳಿದರು. ನನ್ನ ಗೋಪುರವನ್ನು ಹಾಗೇ ನೇಯ್ದರೆ ಕುಳ್ಳಗಾಗುತ್ತದಂತೆ. ನನ್ನ ಪರದೆಯಲ್ಲಿ ಚೌಕದ ಉದ್ದ ಅಗಲ ಒಂದೇ. ಬಟ್ಟೆಯಲ್ಲಿ ಹಾಗಿಲ್ಲ. ಒಂದು ಇಂಚಿನಲ್ಲಿ ಹಾಸಿನ ಎಳೆ ಎಷ್ಟು, ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆ ಎಷ್ಟು ಎಂಬುದು ಒಂದೊಂದು ಬಟ್ಟೆಗೆ ಒಂದೊಂದು ಥರ. ಹೊಕ್ಕು ಒತ್ತಾಗಿದ್ದರೆ ಮನೆ ಅಗಲವಾಗುತ್ತದೆ, ಗೋಪುರ ಕುಗ್ಗುತ್ತದೆ. ಅದಕ್ಕೆ ತಕ್ಕಂತೆ ಮೊದಲೇ ಉದ್ದ ಬರೆದಿಟ್ಟುಕೊಳ್ಳಬೇಕು. ಆಗ ಪರದೆಯ ಮೇಲೆ ಅದು ವಿಪರೀತ ಎತ್ತರ ಕಾಣುತ್ತದೆ. ಕಾಣಲಿ.

ಕ್ಲಾಸಿಗೆ ಎರಡನ್ನೂ ಒಯ್ದೆ, ಪರದೆಗೆ ಒಂದು, ಮಗ್ಗಕ್ಕೆ ಒಂದು. 64 ಎಂದಿದ್ದೆನಲ್ಲ, 65 ಯಾಕೆ ಎಂದರು ಸರ್. ತುದಿಯ ಕಥೆ ಹೇಳಿದೆ. ಎಲ್ಲರೂ ತಮ್ಮ ತಮ್ಮ ಚಿತ್ರದ ನಡು ಎಣಿಸತೊಡಗಿದರು. ಖಣ ಬರೆಯುತ್ತಿದ್ದವನದೂ ಅದೇ ಕಥೆ.

ಸಂಜೆ ಮಾಮಾಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ಫೋಟೋ ಆಗಿ ಕಳಿಸಿದರೆ ಆ್ಯಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ, ಆಗ ಅಂಚಿನ ಬಣ್ಣ ಕಲಸುತ್ತದೆ. ತಕ್ಷಣ ಫೋನ್ ಬಂತು. "ಗುಲಾಬಿ ಮತ್ತ ಬಂದೈತಿ ನೋಡವಾ." ಬಣ್ಣ ಕಲಸದೆ ಇದ್ದ ಹಾಗೇ ಉಳಿಸುವ ಪಿಎನ್‌ಜಿ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿದೆ. ಸ್ವಲ್ಪ ಹೊತ್ತು ಸುದ್ದಿ ಇಲ್ಲ. ಬೆರಳಿಟ್ಟು ಎಣಿಸುತ್ತಿದ್ದರೇನೋ. ಆಮೇಲೆ ಒಂದು ಧ್ವನಿ ಸಂದೇಶ ಬಂತು: ಇದು ನಡೀತದ, ಈಗ ಚಿಕ್ಕಿ ದಡಿ ಬರಿ, ಅದು ಇದರಷ್ಟು ಸಸಾರ ಇಲ್ಲ.