ಅವಳಿಗೆ ನೆನಪಿರದ ದಿನಗಳು

ಮಗಳಿಗೆ ಈಗ ನಾಲ್ಕು ತುಂಬಿದೆ. ಅವಳು ತಪ್ಪು ಹೆಜ್ಜೆ ಇಡಲು ಶುರು ಮಾಡಿದಾಗಿನಿಂದ ಮೂರು ತುಂಬುವವರೆಗಿನ ಕಾಲ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಊರಿಂದ ಇಷ್ಟು ದೂರ, ಮನೆಯಲ್ಲಿ ನಾವು ಮೂರೇ ಜನ. ಅವಳು ಬಿದ್ದರೂ ಎದ್ದರೂ ನೋಡುವುದಕ್ಕೆ ನಾವಿಬ್ಬರೇ.

ಬೆಳಿಗ್ಗೆ ಹೊರಡುವ ಹೊತ್ತಿನ ಶೂ ಪ್ರಸಂಗವನ್ನೇ ಹೇಳುತ್ತೇನೆ. ನಮಗೆ ಗಡಿಬಿಡಿ. ಅವಳಿಗೆ ಎಂಥ ಗಡಿಬಿಡಿ? ಬಾಗಿಲ ಹತ್ತಿರ ಕಾಲು ಚಾಚಿ ಕೂತು, ಶೂ ಮಡಿಲಲ್ಲಿಟ್ಟುಕೊಂಡು, ನಾನು ಕೈ ಚಾಚಿದರೆ "ನಾನೇ!" ಅಂತ ದೂಡುತ್ತಿದ್ದಳು. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತಿತ್ತು. ಎರಡೂ ಕೈಯಲ್ಲಿ ಶೂ ಅಗಲಿಸಿ ಕಾಲು ತೂರಿಸುವುದು, ಅದು ಅರ್ಧಕ್ಕೇ ನಿಲ್ಲುವುದು, ಮತ್ತೆ ತೆಗೆಯುವುದು. ಕೊನೆಗೆ ಪಟ್ಟಿ ಅಂಟಿಸಿ ಎದ್ದು ನಿಂತರೆ ಎಡಗಾಲಿನದು ಬಲಕ್ಕೆ, ಬಲಗಾಲಿನದು ಎಡಕ್ಕೆ! ತನಗೆ ತಾನೇ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದಳು. ನಾನೂ ತಟ್ಟುತ್ತಿದ್ದೆ. ಹಾಗೇ ಹೊರಡುತ್ತಿದ್ದೆವು.

ನಡಿಗೆ ಕಲಿತ ಹೊಸದರಲ್ಲಿ ಸಿಕ್ಕಾಪಟ್ಟೆ ಬೀಳುತ್ತಿದ್ದಳು. ಹತ್ತಿರ ಹಿರಿಯರಿದ್ದಿದ್ದರೆ "ಮಕ್ಕಳು ಅಂದ್ಮೇಲೆ ಬೀಳ್ತಾರೆ ಬಿಡು" ಅನ್ನುತ್ತಿದ್ದರು. ಇಲ್ಲಿ ನನಗೆ ಆ ಧೈರ್ಯ ಸಿಕ್ಕಿದ್ದು ಒಂದು ಅಧ್ಯಯನದಿಂದ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತವರ ತಂಡ 2012ರಲ್ಲಿ ಪ್ರಕಟಿಸಿದ್ದು. 12ರಿಂದ 19 ತಿಂಗಳ ಮಕ್ಕಳು ತಮ್ಮಷ್ಟಕ್ಕೆ ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತಾರಂತೆ, 17 ಸಲ ಬೀಳುತ್ತಾರಂತೆ. ಓದಿದ ಮೇಲೆ ಅವಳು ಬಿದ್ದು ಏಳುವುದನ್ನು ನೋಡಿದರೆ ಹೆಮ್ಮೆಯೇ ಆಗುತ್ತಿತ್ತು.

ಅಜ್ಜಿಯ ವಿಡಿಯೋ ಕಾಲ್ ಬಂದರಂತೂ ಹಬ್ಬ. ನಮಗೆ ಬೆಳಗಾದರೆ ಅವರಿಗೆ ಮಲಗುವ ಹೊತ್ತು, ಆದರೂ ಕಾಯುತ್ತಿದ್ದರು. ಇವಳು ಫೋನಿಗೆ ಮುಖ ಅಂಟಿಸಿಬಿಡುತ್ತಿದ್ದಳು. "ಬರೀ ಹಣೆ ಕಾಣ್ತಿದೆ ಕಣೇ" ಅಂತ ಅಮ್ಮ ನಗುತ್ತಿದ್ದರು. ಒಮ್ಮೆ ತನ್ನ ಗೊಂಬೆಯನ್ನು ಅಜ್ಜಿಗೆ ಕೊಡಬೇಕು ಅಂತ ಸ್ಕ್ರೀನಿಗೆ ಒತ್ತಿ ಒತ್ತಿ ನೋಡಿದಳು. ಆಗಲಿಲ್ಲ. ಫೋನ್ ಎತ್ತಿ ಹಿಂದೆ ತಿರುಗಿಸಿ ಹುಡುಕಿದಳು, ಅಜ್ಜಿ ಅಲ್ಲೂ ಇರಲಿಲ್ಲ. ಆ ಕಡೆ ಅಮ್ಮ ಎರಡೂ ಕೈ ಚಾಚಿ "ಬಂತು ಬಂತು, ಸಿಕ್ತು ನಂಗೆ" ಅಂದರು. ಅವತ್ತು ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ.

ಇದ್ಯಾವುದೂ ಅವಳಿಗೆ ನೆನಪಿರುವುದಿಲ್ಲ, ಅಲ್ವಾ? ದೊಡ್ಡವರಲ್ಲಿ ಹೆಚ್ಚಿನವರಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ನೆನಪಾಗುವುದಿಲ್ಲ. ಸೋಜಿಗ ಅಂದರೆ ಎಳೆಯ ಮಕ್ಕಳಿಗೂ ನೆನಪಿನ ಶಕ್ತಿ ಇದ್ದೇ ಇರುತ್ತದೆ. ವಾರಗಳ ಹಿಂದೆ ಪಾರ್ಕಿನಲ್ಲಿ ನಾಯಿ ಕಂಡ ಜಾಗಕ್ಕೆ ಹೋದ ಕೂಡಲೇ ಇವಳು ನಾಯಿಯನ್ನು ಹುಡುಕುತ್ತಿದ್ದಳು. ಆದರೆ ಬೆಳೆಯುತ್ತಾ, ಏಳೆಂಟು ವರ್ಷದ ಹೊತ್ತಿಗೆ, ಅದರಲ್ಲಿ ತುಂಬಾ ಮಾಸಿಹೋಗುತ್ತದೆ. ನನಗೆ ಇದು ತಿಳಿದಾಗ ಬೇಜಾರಾಯಿತು. ಆಮೇಲೆ ಹೊಳೆಯಿತು: ನನ್ನ ಎರಡನೇ ವರ್ಷವೂ ಇರುವುದು ಅಮ್ಮನ ಹತ್ತಿರವೇ. ನಾನು ಮಂಚದ ಕೆಳಗೆ ಅಡಗಿ ಅಲ್ಲೇ ನಿದ್ದೆ ಹೋಗಿದ್ದು, ಮನೆಯವರೆಲ್ಲ ಹುಡುಕಾಡಿದ್ದು, ಎಲ್ಲ ಅವರು ಹೇಳಿಯೇ ನನಗೆ ಗೊತ್ತು. ಅಮ್ಮನ ಜೊತೆ ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು, ಹೇಳುವುದಕ್ಕೆ ಎಷ್ಟು ಜನ! ಮಗಳ ಪಾಲಿಗೆ ನಾವಿಬ್ಬರೇ. ಇಲ್ಲಿ ಮಗು ಬೆಳೆಸುವವರ ಮೇಲೆ ಈ ಹೊಣೆ ಸ್ವಲ್ಪ ಜಾಸ್ತಿಯೇ.

ಹಾಗಾಗಿ ಬರೆದಿಡುತ್ತೇನೆ. ತಾರೀಕು, ಅವಳ ಮಾತು, ಅಷ್ಟೇ. ಫೋಟೋ ಎಲ್ಲರ ಫೋನಿನಲ್ಲೂ ರಾಶಿ ಬಿದ್ದಿರುತ್ತವೆ. ನನ್ನ ಕೇಳಿದರೆ ದನಿಯನ್ನು ಜಾಸ್ತಿ ರೆಕಾರ್ಡ್ ಮಾಡಿಕೊಳ್ಳಬೇಕು. ನಿದ್ದೆಗೆ ಮೊದಲು ಗೊಂಬೆಗೆ ಬೈಯುವ ದನಿ, "ಅಪ್ಪ ಎಲ್ಲಿ?" ಅನ್ನುವಾಗಿನ ತೊದಲು. ಅದು ಹೇಳದೆ ಕೇಳದೆ ಹೋಗಿಬಿಡುತ್ತದೆ.

ಈಗ ಅವಳಿಗೆ ಹೊಸ ಹುಚ್ಚು. ಅಜ್ಜಿ ಫೋನ್ ಮಾಡಿದರೆ "ಅಮ್ಮ ಪಾಪು ಇದ್ದಾಗ ಏನ್ ಮಾಡ್ತಿದ್ಲು ಹೇಳಜ್ಜಿ" ಅಂತ ಕೂರುತ್ತಾಳೆ. ಮಂಚದ ಕೆಳಗಿನ ಕಥೆ ಪ್ರತಿ ಸಲ ಆಗಲೇಬೇಕು. ಅದು ಮುಗಿದರೆ ನನ್ನ ಕಡೆ ತಿರುಗುತ್ತಾಳೆ: "ಈಗ ನಂದು ಹೇಳು."