ಹೊಸ ಗೋಧಿ ಯಾವಾಗ ಹಳೆಯದಾಗುತ್ತದೆ

ಸೋಮವಾರ, 18 ಆಗಸ್ಟ್ 2025

ಉತ್ತರ ಡಕೋಟ, ಮೊಂಟಾನಾ, ಕೆನಡಾದ ಬಯಲುಗಳಲ್ಲಿ ಈಗ ವಸಂತದಲ್ಲಿ ಬಿತ್ತಿದ ಗೋಧಿಯ ಕೊಯ್ಲು. ಅಲ್ಲಿನ ಯಹೂದಿ ಮನೆಗಳಲ್ಲಿ ‘ಹದಾಶ್’ ನಿಯಮ ಪಾಲಿಸುವವರು ಹಿಟ್ಟಿನ ಚೀಲ ತಿರುಗಿಸಿ ದಿನಾಂಕ ಹುಡುಕುವ ಕಾಲವೂ ಇದೇ. ಹದಾಶ್ ಅಂದರೆ ಹೊಸ ಧಾನ್ಯ, ಯಾಶಾನ್ ಅಂದರೆ ಹಳೆಯದು.

ಮೂಲ ಆಜ್ಞೆ ಬೈಬಲಿನ ಯಾಜಕಕಾಂಡ 23:14ರಲ್ಲಿದೆ: ಓಮೆರ್, ಅಂದರೆ ಹೊಸ ಬೆಳೆಯ ಮೊದಲ ಸಿವುಡಿನ, ಕಾಣಿಕೆ ಸಲ್ಲುವ ದಿನದವರೆಗೆ ಹೊಸ ಬೆಳೆಯ ರೊಟ್ಟಿ, ಹುರಿದ ಕಾಳು, ಹಸಿ ತೆನೆ ಯಾವುದನ್ನೂ ತಿನ್ನಬಾರದು. ಆ ದಿನ ಯಹೂದಿ ಪಂಚಾಂಗದ ನಿಸಾನ್ ತಿಂಗಳ 16. ಕಾಣಿಕೆ ಸಲ್ಲಿಸಲು ಯೆರೂಸಲೇಮಿನ ದೇವಾಲಯ ಇಲ್ಲದ ಈ ಕಾಲದಲ್ಲಿ ಇಸ್ರೇಲಿನಲ್ಲಿ ಆ ದಿನ ಪೂರ್ತಿ ಕಳೆಯಬೇಕು. ಹೊರದೇಶಗಳಲ್ಲಿ 17ನೆಯ ದಿನವೂ ಕಳೆಯಬೇಕು. ನಿಯಮ ಅನ್ವಯವಾಗುವುದು ಗೋಧಿ, ಬಾರ್ಲಿ, ಸ್ಪೆಲ್ಟ್, ರೈ, ಓಟ್ಸ್ ಈ ಐದಕ್ಕೆ ಮಾತ್ರ. ಅಕ್ಕಿ, ರಾಗಿ, ಜೋಳಕ್ಕೆ ಇದರ ಗೊಡವೆಯೇ ಇಲ್ಲ.

ಬಹಳ ಜನ ಎಡವುವುದು ಇಲ್ಲಿ: ಕೊಯ್ಲಿನ ದಿನ ನೋಡುತ್ತಾರೆ. ನೋಡಬೇಕಾದದ್ದು ಬೇರು ಬಿಟ್ಟ ದಿನ. ಓಮೆರ್ ದಿನಕ್ಕೆ ಮೊದಲೇ ಬೇರೂರಿದ್ದರೆ ಆ ದಿನವೇ ಬೆಳೆಗೆ ಅನುಮತಿ ಸಿಕ್ಕಿಬಿಡುತ್ತದೆ. ಜೂನ್‌ನಲ್ಲಿ ಕೊಯ್ದರೂ ಅದು ಯಾಶಾನ್. ಬೇರೂರಲು ಬಿತ್ತನೆಯಿಂದ 3 ದಿನ ಸಾಕು ಎನ್ನುವವರಿದ್ದಾರೆ, 14 ದಿನ ಬೇಕು ಎನ್ನುವವರೂ ಇದ್ದಾರೆ. 2025ರಲ್ಲಿ ನಿಸಾನ್ 16 ಬಿದ್ದದ್ದು ಏಪ್ರಿಲ್ 14ಕ್ಕೆ. ಡಕೋಟದ ಬಿತ್ತನೆ ಹೆಚ್ಚಾಗಿ ಆಮೇಲಿನದ್ದು. ಹಾಗಾಗಿ ಆ ಗೋಧಿ ಅಮೆರಿಕದಲ್ಲಿ 2026ರ ಏಪ್ರಿಲ್ 4ರ ರಾತ್ರಿಯವರೆಗೆ ಹದಾಶ್.

ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ ಬೇಸಿಗೆಯಲ್ಲಿ ಕೊಯ್ಯುವ ಚಳಿಗಾಲದ ಗೋಧಿಗೆ ಈ ತೊಡಕಿಲ್ಲ. ಕೇಕ್, ಬಿಸ್ಕತ್ತಿನ ಮೆದು ಹಿಟ್ಟು ಸಾಮಾನ್ಯವಾಗಿ ಅದರದ್ದೇ. ಬ್ರೆಡ್, ಬೇಗಲ್, ಪಿಜ್ಜಾಗೆ ಬೇಕಾದ ಗಟ್ಟಿ ಹಿಟ್ಟು ಹೆಚ್ಚಾಗಿ ವಸಂತದ್ದು. ಪಾಸ್ತಾದ ಡ್ಯೂರಮ್ ಗೋಧಿ, ಓಟ್ಸ್, ಬಿಯರಿನ ಬಾರ್ಲಿಯೂ ಬಹುಪಾಲು ಹಾಗೆಯೇ. ಚಳಿಗಾಲದ ಹಿಟ್ಟನ್ನೇ ಕೊಂಡರೂ ಪೊಟ್ಟಣದ ಹಿಂಬದಿ ಓದಿ. ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ, ಬಾರ್ಲಿ ಹಿಟ್ಟನ್ನು ಚೂರು ಬೆರೆಸಿರುತ್ತಾರೆ, ಕೆಲವೊಮ್ಮೆ ಗೋಧಿಯ ಅಂಟಿನಂಶವಾದ ಗ್ಲುಟನ್ ಪುಡಿಯನ್ನೂ. ಅಲ್ಪವಾದ ಬೇರೆ ಧಾನ್ಯವನ್ನು ಗಣನೆಗೆ ತಾರದ ರಬ್ಬಿಗಳು (ಯಹೂದಿ ಧರ್ಮಗುರುಗಳು) ಅನೇಕರಿದ್ದಾರೆ. ಆದರೆ ಗೋಧಿಗೆ ಗೋಧಿಯೇ ಬೆರೆತರೆ ಅಷ್ಟು ಸುಲಭವಲ್ಲ: ಕಾದರೆ ತಾನಾಗಿಯೇ ಅನುಮತಿ ಸಿಗುವ ವಸ್ತು ತನ್ನದೇ ಜಾತಿಯಲ್ಲಿ ಸಾವಿರಕ್ಕೊಂದು ಪಾಲು ಇದ್ದರೂ ನಗಣ್ಯವಾಗದು ಎಂಬುದು ಯಹೂದಿ ಧರ್ಮಶಾಸ್ತ್ರಗ್ರಂಥ ತಾಲ್ಮೂದಿನ ಲೆಕ್ಕ.

ಪೊಟ್ಟಣದ ಮೇಲೆ ಸಿಗುವುದು ಬಳಕೆಯ ಕೊನೆ ದಿನಾಂಕ. ಬಾಳಿಕೆ ಒಂದು ವರ್ಷವೆಂದು ಗೊತ್ತಿದ್ದರೆ ಅಷ್ಟನ್ನು ಕಳೆದು ಪ್ಯಾಕ್ ಆದ ದಿನ ತಿಳಿಯಬಹುದು. 5232 ಎಂಬಂಥ ಸಂಕೇತ ಹಲವು ಕಡೆ 2025ರ 232ನೆಯ ದಿನವನ್ನು, ಅಂದರೆ ಆಗಸ್ಟ್ 20ನ್ನು, ಸೂಚಿಸುತ್ತದೆ. ಗಿರಣಿಯಲ್ಲಿ ಹಳೆ ದಾಸ್ತಾನು ಇನ್ನೂ ಉಳಿದಿರಬಹುದು, ಆದರೆ ಖಾತ್ರಿಯಾಗಿ ನಂಬಬಹುದಾದ್ದು ಕೊಯ್ಲಿಗಿಂತ ಮೊದಲು ಪ್ಯಾಕ್ ಆದದ್ದನ್ನು ಮಾತ್ರ.

ಈಗಲೇ ಏಪ್ರಿಲ್‌ವರೆಗಿನ ಹಿಟ್ಟು ತುಂಬಿಡುವವರಿಗೆ ಒಂದು ಎಚ್ಚರಿಕೆ. ಬೆಚ್ಚಗಿನ ಜಾಗದಲ್ಲಿಟ್ಟರೆ ಹುಳು ಹಿಡಿಯುತ್ತದೆ, ಹುಳುವೂ ನಿಷಿದ್ಧವೇ. ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಿ. ತೌಡು ತೆಗೆಯದ ಹಿಟ್ಟು ಎಣ್ಣೆಯಂಶದಿಂದ ಬೇಗ ಕಮಟುತ್ತದೆ, ಹುಳು ಹುಡುಕುವ ನುಣ್ಣನೆ ಜರಡಿಯಲ್ಲೂ ಇಳಿಯದು. ಅದನ್ನು ಕಡಿಮೆ ಕೊಳ್ಳುವುದೇ ಮೇಲು.

ಎಲ್ಲರೂ ಇಷ್ಟು ಬಿಗಿಯಾಗಿಲ್ಲ. 16ನೆಯ ಶತಮಾನದ ಕ್ರಾಕೋವಿನ ರಬ್ಬಿ ಮೋಶೆ ಇಸ್ಸೆರ್ಲೆಸ್, ಧಾನ್ಯ ಕಳೆದ ವರ್ಷದ್ದೋ, ಮೊದಲೇ ಬೇರೂರಿದ್ದೋ ಎಂಬ ಎರಡು ಸಂಶಯ ಕೂಡಿದರೆ ತಿನ್ನಬಹುದೆಂದರು. ಯಹೂದ್ಯರಲ್ಲದವರ ಹೊಲಕ್ಕೆ ನಿಯಮವೇ ಇಲ್ಲವೆಂದವರು ರಬ್ಬಿ ಯೋಯೆಲ್ ಸಿರ್ಕಿಸ್. ಬಿತ್ತನೆಯ ತಿಂಗಳು ಇಷ್ಟು ಸ್ಪಷ್ಟವಾಗಿರುವಾಗ ಇಸ್ಸೆರ್ಲೆಸ್ ಅವರ ಸಂಶಯದ ವಾದ ದುರ್ಬಲವೆಂದೇ ನನ್ನ ಅಭಿಪ್ರಾಯ.

ಬಿಗಿ ಪಾಲಿಸುವವರು ಉತ್ತರ ಕರ್ನಾಟಕಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಇಲ್ಲಿನ ಗೋಧಿ, ಜವೆಗೋಧಿ ಹಿಂಗಾರಿನವು: ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಿ ಫೆಬ್ರುವರಿ ಹೊತ್ತಿಗೆ ಕೊಯ್ಲು. ಬೇರು ಬೇಗ ಬಿಟ್ಟಿದ್ದರೂ ಓಮೆರ್ ದಿನ ಇನ್ನೂ ಬಂದಿರುವುದಿಲ್ಲ. ಕೊಯ್ಲಿನಿಂದ ಪೆಸಾಖ್ ಹಬ್ಬದ ನಡುವೆ ಬರುವ ನಿಸಾನ್ 16, 17 ಕಳೆಯುವವರೆಗೆ ಅವರು ಹಿಂದಿನ ಸುಗ್ಗಿಯ ಗೋಧಿಯನ್ನೇ ಕೇಳಿ ಪಡೆಯಬೇಕು.